ಹಳೆಯ ಟ್ರೇಲರಿಗೆ ಗಾಲಿ ಮತ್ತು ಟೈರು: ಅಗ್ಗದ ಬಿಲ್ಲಿನ ನಿಜವಾದ ಲೆಕ್ಕ

(ಸದಾಶಿವನಗರ, ಬೆಳಗಾವಿಯ ಒಬ್ಬ ಚಾರ್ಟರ್ಡ್ ಅಕೌಂಟೆಂಟರಿಂದ)

ಉದ್ಯಮಬಾಗ ಮತ್ತು ಮಚ್ಛೆಯ ಸಣ್ಣ ಕಾರ್ಖಾನೆಗಳ ಲಾಭ-ನಷ್ಟ ಖಾತೆಗಳನ್ನು ನೋಡುತ್ತ ಬಂದವರಿಗೆ ‘ವಾಹನ ದುರಸ್ತಿ ಮತ್ತು ನಿರ್ವಹಣೆ’ ಎಂಬ ಸಾಲು ಚಿರಪರಿಚಿತವಾದುದು. ಎರಕದ ಬಿಡಿಭಾಗಗಳನ್ನು ಮಷೀನ್ ಶಾಪಿಗೆ ಒಯ್ಯುವ, ಮೌಲ್ಡಿಂಗ್ ಮರಳನ್ನು ತರುವ, ಖಾನಾಪುರದ ಕಡೆಯಿಂದ ಹೆಂಚು-ಇಟ್ಟಿಗೆ ಸಾಗಿಸುವ ಹಳೆಯ ಟ್ರೇಲರುಗಳ ಟೈರಿನ ಖರ್ಚು ಆ ಸಾಲಿನೊಳಗೆ ಅಡಗಿರುತ್ತದೆ. ಮೊತ್ತ ಚಿಕ್ಕದು, ಹೀಗಾಗಿ ಅದರ ಮೇಲೆ ಮಾಲೀಕರ ಗಮನವೂ ಅಷ್ಟಕ್ಕಷ್ಟೆ, ಲೆಕ್ಕಪರಿಶೋಧಕರ ಗಮನವೂ ಅಷ್ಟಕ್ಕಷ್ಟೆ. ಗಮನ ಹರಿದಾಗಲೂ ಅದು ತಪ್ಪು ದಿಕ್ಕಿನಲ್ಲಿ ಹರಿಯಬಹುದೆಂಬುದಕ್ಕೆ ಈ ಲೇಖಕನೇ ಸಾಕ್ಷಿ.

ಕೆಲವು ವರ್ಷಗಳ ಹಿಂದೆ ಒಬ್ಬ ಸಣ್ಣ ಉದ್ಯಮಿಯ ಲೆಕ್ಕ ಪರಿಶೀಲಿಸುವಾಗ ಟೈರಿನ ಖರ್ಚು ಹಿಂದಿನ ವರ್ಷಕ್ಕಿಂತ ಹೆಚ್ಚಾಗಿರುವುದನ್ನು ಕಂಡು ವೋಚರಿನ ಅಂಚಿಗೆ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅವರು ಮರುಮಾತಾಡಲಿಲ್ಲ. ಮುಂದಿನ ವರ್ಷ ಅದೇ ಶೀರ್ಷಿಕೆಯ ಮೊತ್ತ ಅರ್ಧಕ್ಕಿಳಿದಿತ್ತು. “ನೀವು ಹೇಳಿದಂಗ ಕಡಿಮಿ ಮಾಡೀನ್ರಿ ಸಾಹೇಬ್ರ” ಎಂದರು. ನಾನೂ ಸಂತೋಷಪಟ್ಟೆ. ಅವರಲ್ಲಿದ್ದುದು ಜೀಪಿನ ಹಿಂದೆ ಎಳೆಯುವ ಎರಡು ಗಾಲಿಯ ಹಳೆಯ ಟ್ರೇಲರ್. ಟೈರಿನ ಗಾತ್ರ 6.00-16. ಆ ಗಾತ್ರದ ಟೈರು ಟ್ರ್ಯಾಕ್ಟರಿನ ಮುಂಗಾಲಿಗೂ ಬರುತ್ತದೆ, ಬೆಲೆಯೂ ಕಡಿಮೆ. ಅವರು ಅಂಥ ಎರಡನ್ನು ತಂದು ಹಾಕಿಸಿದ್ದರು. ರಿಮ್ಮಿನ ಮೇಲೆ ಅವು ಹೇಳಿ ಮಾಡಿಸಿದಂತೆ ಕುಳಿತಿದ್ದವು.

ಮೇ ತಿಂಗಳ ಒಂದು ಮಧ್ಯಾಹ್ನ ಎರಕದ ಮಾಲು ತುಂಬಿಕೊಂಡು ಖಾನಾಪುರ ರಸ್ತೆಯಲ್ಲಿ ಹೋಗುತ್ತಿದ್ದಾಗ ಎಡಗಾಲಿಯ ಟೈರು ಸಿಡಿಯಿತು. ಟ್ರೇಲರ್ ಒಂದು ಮಗ್ಗುಲಿಗೆ ವಾಲಿ ಮಾಲು ರಸ್ತೆಗೆ ಚೆಲ್ಲಿತು. ಹಿಂದೆ ಬರುತ್ತಿದ್ದ ಮೋಟರ್ ಸೈಕಲ್ ಸವಾರನೊಬ್ಬ ಬಿದ್ದು ಕೈ ಮುರಿದುಕೊಂಡ. ಜೀವಕ್ಕೆ ಅಪಾಯವಾಗಲಿಲ್ಲವೆಂಬುದೇ ಸಮಾಧಾನ. ಆಸ್ಪತ್ರೆಯ ವೆಚ್ಚ, ಪರಿಹಾರದ ಮಾತುಕತೆ, ಹಾಳಾದ ಮಾಲು, ನಿಂತ ಕೆಲಸ, ಇವೆಲ್ಲವನ್ನೂ ಆ ವರ್ಷದ ಖಾತೆಯಲ್ಲಿ ಬೇರೆ ಬೇರೆ ಶೀರ್ಷಿಕೆಗಳಡಿ ಬರೆಯುವಾಗ ಟೈರಿನ ಸಾಲಿನಲ್ಲಿ ‘ಉಳಿದ’ ಹಣದ ಪರಿಚಯ ನನಗೆ ಸರಿಯಾಗಿ ಆಯಿತು. ಟೈರು ಮಾರಿದವರನ್ನು ದೂಷಿಸುವಂತಿಲ್ಲ; ಕೇಳಿದ ಗಾತ್ರವನ್ನೇ ಅವರು ಕೊಟ್ಟಿದ್ದರು. ಅಂದಿನಿಂದ ಈ ವಿಷಯವನ್ನು ಬಲ್ಲವರಿಂದ ಕೇಳಿ, ಟೈರಿನ ಮಗ್ಗುಲುಗಳನ್ನು ಬಗ್ಗಿ ಓದಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಗಾತ್ರ ಒಂದೇ, ಟೈರು ಬೇರೆ

6.00-16 ಎಂಬುದರಲ್ಲಿ ಮೊದಲ ಸಂಖ್ಯೆ ಟೈರಿನ ಅಗಲವನ್ನೂ ಎರಡನೆಯದು ರಿಮ್ಮಿನ ವ್ಯಾಸವನ್ನೂ ಅಂಗುಲಗಳಲ್ಲಿ ಸೂಚಿಸುತ್ತವೆ. ಈ ಎರಡು ಸಂಖ್ಯೆಗಳಿಂದ ಟೈರು ರಿಮ್ಮಿಗೆ ಹೊಂದುತ್ತದೆಯೇ ಎಂಬುದಷ್ಟೇ ಗೊತ್ತಾಗುತ್ತದೆ. ಎಷ್ಟು ಭಾರ ಹೊರುತ್ತದೆ, ಎಷ್ಟು ವೇಗ ತಾಳುತ್ತದೆ ಎಂಬುದನ್ನು ತಿಳಿಯಲು ಮಗ್ಗುಲಿನ ಮೇಲಿರುವ ಉಳಿದ ಅಕ್ಷರ-ಅಂಕಿಗಳನ್ನು ಓದಬೇಕು. ಪ್ಲೈ ರೇಟಿಂಗ್ (8 ಪಿಆರ್, 16 ಪಿಆರ್ ಇತ್ಯಾದಿ) ಟೈರಿನ ಒಡಲು ಎಷ್ಟು ಗಟ್ಟಿಯೆಂಬುದರ ಸೂಚನೆ. ಭಾರಾಂಕವೆಂಬುದು ಕಿಲೋಗ್ರಾಮಿನ ಬದಲಿಗೆ ಬಳಸುವ ಸಂಕೇತ: 100 ಎಂದರೆ 800 ಕಿಲೋ, 121 ಎಂದರೆ 1,450 ಕಿಲೋ, 140 ಎಂದರೆ 2,500 ಕಿಲೋ. ಅದರ ಪಕ್ಕದ ಅಕ್ಷರ ವೇಗದ್ದು. ಎ6 ಎಂದಿದ್ದರೆ ಗಂಟೆಗೆ 30 ಕಿ.ಮೀ., ಎ8 ಎಂದಿದ್ದರೆ 40 ಕಿ.ಮೀ.; ಜೆ ಎಂದರೆ 100, ಕೆ ಎಂದರೆ 110, ಎಲ್ ಎಂದರೆ 120.

ಟ್ರ್ಯಾಕ್ಟರಿನ ಮುಂಗಾಲಿಯ ಟೈರು ಹೊಲದಲ್ಲಿ ದಾರಿ ಹಿಡಿಯಲೆಂದು ಮಾಡಿದ್ದು. ಸುತ್ತಲೂ ಇರುವ ಎತ್ತರದ ಉದ್ದಗೆರೆಗಳಿಂದಲೇ ಅದನ್ನು ಗುರುತಿಸಬಹುದು. ಅದರ ವೇಗದ ಗುರುತು ಸಾಮಾನ್ಯವಾಗಿ ‘ಎ’ ವರ್ಗದ್ದಾಗಿರುತ್ತದೆ. ಅದರ ಮೇಲೆ ಬರೆದ ಭಾರವೂ ಆ ಕಡಿಮೆ ವೇಗಕ್ಕೆ ಮಾತ್ರ ಅನ್ವಯಿಸುತ್ತದೆ. ಗಾಲಿ ಉರುಳುವಾಗ ಟೈರಿನ ಮಗ್ಗುಲು ಪ್ರತಿ ಸುತ್ತಿಗೂ ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ಬಾಗಿದಷ್ಟೂ ಶಾಖ ಹುಟ್ಟುತ್ತದೆ. ರಬ್ಬರು ಶಾಖವನ್ನು ಬೇಗ ಹೊರಗೆ ಬಿಡುವ ವಸ್ತುವಲ್ಲ. 30ಕ್ಕೆಂದು ಮಾಡಿದ ಟೈರನ್ನು 60ರಲ್ಲಿ ಓಡಿಸಿದರೆ ಹುಟ್ಟುವ ಶಾಖ ಹೊರಹೋಗುವ ಶಾಖವನ್ನು ಮೀರಿ ಒಳಗೆ ಸೇರುತ್ತ ಹೋಗುತ್ತದೆ. ಪದರಗಳು ಒಂದನ್ನೊಂದು ಬಿಡುತ್ತವೆ. ನೋಡುವವರಿಗೆ ಟೈರು ಹೊಸದಾಗಿಯೇ ಕಾಣುತ್ತಿರುತ್ತದೆ. ನಮ್ಮ ಉದ್ಯಮಿಯ ಟೈರಿನ ಗೆರೆಗಳೂ ಸವೆದಿರಲಿಲ್ಲ.

ಇಂತಹುದೇ ಇನ್ನೊಂದು ಅದಲುಬದಲು ಎತ್ತಿನ ಗಾಡಿಯ ಟೈರಿನದು. ಕಬ್ಬಿನ ಹಂಗಾಮಿನಲ್ಲಿ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಕಾಣುವ ಗಾಡಿಗಳ 7.00-19, 8.00-19 ಗಾತ್ರದ ‘ಎಡಿವಿ’ ಟೈರುಗಳು ಎತ್ತಿನ ನಡಿಗೆಗೆಂದು ತಯಾರಾದವು. ಅವು ಹೊರುವ ಭಾರವನ್ನು ಕಂಡು ಮರುಳಾಗಿ ಮೋಟಾರು ಎಳೆಯುವ ಸಣ್ಣ ಟ್ರೇಲರಿಗೆ ಹಾಕುವವರಿದ್ದಾರೆ. ಭಾರ ಹೊರುವುದೇನೋ ನಿಜ, ಆದರೆ ಎತ್ತಿನ ಹೆಜ್ಜೆಯಲ್ಲಿ. ಟ್ರ್ಯಾಕ್ಟರ್ ಎಳೆಯುವ ಟ್ರೇಲರಿಗೆ ಬರುವ 9.00-16ರಂತಹ ಟ್ರೇಲರ್ ಟೈರುಗಳು ಟ್ರ್ಯಾಕ್ಟರಿನ ವೇಗಕ್ಕೆ ಸರಿ. ಅದೇ ಟ್ರೇಲರನ್ನು ಪಿಕಪ್ ಅಥವಾ ಲಾರಿಯ ಹಿಂದೆ ಕಟ್ಟಿದ ದಿನ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಟೈರು ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಈ ಟ್ರೇಲರನ್ನು ಎಳೆಯುವುದು ಯಾವುದು, ಎಷ್ಟು ವೇಗದಲ್ಲಿ? ಡ್ರೈವರನನ್ನು ಕೇಳಿದರೆ ‘ನಲವತ್ತರಲ್ಲಿ ಹೋಗ್ತೀನ್ರಿ’ ಎನ್ನುತ್ತಾನೆ. ಒಂದು ದಿನ ಅವನ ಪಕ್ಕದಲ್ಲಿ ಕುಳಿತು ಹೋಗುವುದು ಲೇಸು.

ಅಮೆರಿಕದಲ್ಲಿ ಟ್ರೇಲರುಗಳಿಗೆಂದೇ ‘ಎಸ್‌ಟಿ’ ಎಂಬ ಪ್ರತ್ಯೇಕ ಗುರುತಿನ ಟೈರುಗಳಿವೆ. ನಮ್ಮ ಪೇಟೆಯಲ್ಲಿ ಅಂತಹ ಸೌಕರ್ಯ ಕಡಿಮೆ. ವೇಗವಾಗಿ ಓಡುವ ಸಣ್ಣ ಟ್ರೇಲರಿಗೆ ಲಘು ಸರಕು ವಾಹನದ ಟೈರನ್ನು ಆರಿಸುವುದೇ ನಮಗಿರುವ ಸರಿಯಾದ ದಾರಿ. ಸರಕು ವಾಹನಗಳ ಟೈರಿಗೆ ಐಎಸ್ 15636, ಟ್ಯೂಬಿಗೆ ಐಎಸ್ 13098 ಎಂಬ ಭಾರತೀಯ ಮಾನಕಗಳಿವೆ. 2009ರ ಗುಣಮಟ್ಟ ನಿಯಂತ್ರಣ ಆದೇಶದಿಂದ ಇವುಗಳ ಮೇಲೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಟೈರು ಕೊಳ್ಳುವಾಗ ಮುದ್ರೆ ನೋಡುವವರು ಕೂಡ ಟ್ಯೂಬಿನ ಮೇಲೆ ನೋಡುವುದಿಲ್ಲ. ಟೈರು ಹೊಸದು, ಟ್ಯೂಬು ಹಳೆಯದು ಎಂಬ ಜೋಡಿಯನ್ನು ನಾನು ಬಿಲ್ಲುಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಕಾಟಾದ ಚೀಟಿ

ಭಾರವನ್ನು ಅಂದಾಜಿನಿಂದ ಹೇಳಬಾರದು. ಟ್ರೇಲರನ್ನು ಎಂದಿನಂತೆ ತುಂಬಿ, ಎಳೆಯುವ ವಾಹನಕ್ಕೆ ಕೊಂಡಿ ಹಾಕಿದಂತೆಯೇ, ಟ್ರೇಲರಿನ ಗಾಲಿಗಳು ಮಾತ್ರ ತೂಕದ ಕಾಟಾದ ಮೇಲೆ ಬರುವಂತೆ ನಿಲ್ಲಿಸಿ ತೂಗಿಸಬೇಕು. ಕೊಂಡಿಯ ಮೇಲೆ ಬೀಳುವ ಪಾಲು ಎಳೆಯುವ ವಾಹನಕ್ಕೆ ಹೋಗಿ, ಟೈರುಗಳ ಪಾಲು ಚೀಟಿಯಲ್ಲಿ ಬರುತ್ತದೆ. ಬಳಿಕ ಒಂದೇ ಮಗ್ಗುಲಿನ ಗಾಲಿ ಕಾಟಾದ ಮೇಲಿರುವಂತೆ ಇನ್ನೊಮ್ಮೆ ತೂಗಿಸಬೇಕು. ಆಗ ಎರಡನೆಯ ಗಾಲಿಯೂ ಅದೇ ಮಟ್ಟದಲ್ಲಿ ನಿಲ್ಲುವಂತೆ ನೋಡಿಕೊಳ್ಳಬೇಕು.

ಉದಾಹರಣೆಗೆ ಟ್ರ್ಯಾಕ್ಟರ್ ಟ್ರೇಲರೊಂದರ ಎರಡು ಗಾಲಿಗಳ ಒಟ್ಟು ಭಾರ 4,600 ಕಿಲೋ ಬಂತೆಂದಿಟ್ಟುಕೊಳ್ಳೋಣ. ಸರಾಸರಿ 2,300. ಆದರೆ ಎಡಗಡೆ 2,450, ಬಲಗಡೆ 2,150 ಎಂದು ಚೀಟಿ ಹೇಳುತ್ತದೆ. ಟೈರು ಆರಿಸಬೇಕಾದುದು 2,450ಕ್ಕೆ. ಸರಾಸರಿಯನ್ನು ನಂಬಿ 2,360 ಕಿಲೋ ಹೊರುವ 138ರ ಭಾರಾಂಕ ಸಾಕೆಂದರೆ ಎಡಗಾಲಿಗೆ ಮೊದಲ ದಿನದಿಂದಲೇ ಮಿತಿಮೀರಿದ ಹೊರೆ. ರಸ್ತೆಯ ಗುಂಡಿ, ತಿರುವು, ಗಾಳಿಯ ಕೊರತೆ ಇವುಗಳಿಗಾಗಿ ಶೇ. 15ರಷ್ಟು ಹೆಚ್ಚುವರಿ ಇಟ್ಟುಕೊಂಡರೆ 2,817 ಕಿಲೋ ಆಗುತ್ತದೆ. 145ರ ಭಾರಾಂಕದ ಟೈರು 2,900 ಹೊರುತ್ತದೆ. ಅದನ್ನೇ ಎರಡೂ ಬದಿಗೆ ಹಾಕಬೇಕು. ಶೇ. 15 ಎಂಬುದು ಯಾವ ಕಾಯಿದೆಯ ಅಂಕಿಯೂ ಅಲ್ಲ, ನನ್ನ ಲೆಕ್ಕದ ಎಚ್ಚರಿಕೆ. ಮಳೆಗಾಲದಲ್ಲಿ ಖಾನಾಪುರದ ಪಶ್ಚಿಮದ ಹಳ್ಳಿಗಳ ದಾರಿ ಹಿಡಿಯುವವರು, ಜಾಂಬೋಟಿಯ ಮೂಲಕ ಚೋರ್ಲಾ ಘಾಟಿಗೆ ಹೋಗುವವರು ಇನ್ನೂ ಹೆಚ್ಚು ಇಟ್ಟುಕೊಂಡರೆ ತಪ್ಪಲ್ಲ.

ಹಳೆಯ ಕ್ಯಾರವಾನನ್ನು ದುರಸ್ತಿ ಮಾಡಿಸಿ ಪ್ರವಾಸಿಗರಿಗೆ ಬಾಡಿಗೆ ಕೊಡಬೇಕೆನ್ನುವವರಿಗೂ, ಟ್ರೇಲರಿನ ಮೇಲೆ ತಿಂಡಿಯ ಅಂಗಡಿ ಕಟ್ಟುವವರಿಗೂ ಈ ಮಗ್ಗುಲಿನ ತೂಕ ಬಹಳ ಮುಖ್ಯ. ನೀರಿನ ಟ್ಯಾಂಕು, ಗ್ಯಾಸ್ ಸಿಲಿಂಡರು, ಒಲೆಯ ಕಟ್ಟೆ ಇವು ಸಾಮಾನ್ಯವಾಗಿ ಒಂದೇ ಬದಿಗೆ ಬರುತ್ತವೆ. ಖಾಲಿ ಟ್ಯಾಂಕಿನೊಂದಿಗೆ ತೂಗಿಸಿದ ಚೀಟಿ ನಿರುಪಯೋಗಿ. 200 ಲೀಟರ್ ನೀರೆಂದರೆ 200 ಕಿಲೋ.

ನೋಂದಣಿ ಪತ್ರದ ಮಾತು

ನಮ್ಮಲ್ಲಿ ಅನೇಕರು ಟ್ರೇಲರನ್ನು ಎಳೆಯುವ ವಾಹನದ ಬಾಲವೆಂದು ಭಾವಿಸುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅದಕ್ಕೆ ತನ್ನದೇ ನೋಂದಣಿ ಇದೆ. 1988ರ ಮೋಟಾರು ವಾಹನ ಕಾಯಿದೆಯ 61ನೆಯ ಕಲಮು ಇದನ್ನು ಹೇಳುತ್ತದೆ. ಸಾರಿಗೆ ವಾಹನದ ನೋಂದಣಿ ಪತ್ರದಲ್ಲಿ ಖಾಲಿ ತೂಕ, ಒಟ್ಟು ತೂಕ, ಅಚ್ಚುಗಳ ಭಾರ ಇವುಗಳ ಜೊತೆಗೆ ಪ್ರತಿ ಗಾಲಿಯ ಟೈರುಗಳ ಸಂಖ್ಯೆ, ಸ್ವರೂಪ, ಗಾತ್ರವನ್ನೂ ನಮೂದಿಸಬೇಕೆಂದು 58ನೆಯ ಕಲಮು ವಿಧಿಸುತ್ತದೆ. ಅಂದರೆ ಟೈರು ಆರಿಸುವ ಅರ್ಧ ಕೆಲಸ ಆ ಕಾಗದದಲ್ಲಿಯೇ ಆಗಿದೆ. ನೋಂದಣಿಯ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂಬ 52ನೆಯ ಕಲಮೂ ಇದೆ. ಹಳೆಯ ಗಾತ್ರದ ಟೈರು ಸಿಗುವುದಿಲ್ಲವೆಂದು ರಿಮ್ಮನ್ನೇ ಬದಲಿಸುವವರು ಮೊದಲು ಸಾರಿಗೆ ಕಚೇರಿಯ ಬಾಗಿಲು ತಟ್ಟಬೇಕು.

ಹಳೆಯ ಟ್ರೇಲರ್ ಕೊಳ್ಳುವಾಗ ಕೆಲವೊಮ್ಮೆ ಆ ಕಾಗದವೇ ಇರುವುದಿಲ್ಲ. ‘ಮೊದಲಿಂದ್ಲೂ ಹಿಂಗ ಓಡೇತ್ರಿ’ ಎಂಬುದು ಮಾರುವವರ ಉತ್ತರ. ಅಂತಹ ಟ್ರೇಲರ್ ಅಢಾವೆ ಪತ್ರಿಕೆಯಲ್ಲಿ ಆಸ್ತಿಯಾಗಿ ಕಾಣುತ್ತದೆ, ರಸ್ತೆಗಿಳಿದ ಕೂಡಲೆ ಹೊಣೆಯಾಗುತ್ತದೆ. ಅದಕ್ಕೆ ಎಂಥ ಒಳ್ಳೆಯ ಟೈರು ಹಾಕಿದರೂ ಪ್ರಯೋಜನವಿಲ್ಲ.

ರಿಮ್ಮು, ಬೋಲ್ಟು, ಹಬ್ಬು

ಗಾಲಿಯ ವಿಚಾರದಲ್ಲಿ ನಮ್ಮ ಊರಿನ ಕೌಶಲವೇ ಒಂದೊಂದು ಸಲ ಅಪಾಯ ತರುತ್ತದೆ. ಬೆಳಗಾವಿಯಲ್ಲಿ ಬೆಸುಗೆ ಹಾಕಲಾಗದ ಕಬ್ಬಿಣವಿಲ್ಲವೆಂದು ಹೆಮ್ಮೆಯಿಂದ ಹೇಳುತ್ತೇವೆ. ಬಿರುಕು ಬಿಟ್ಟ ರಿಮ್ಮಿಗೆ ಮಾತ್ರ ಬೆಸುಗೆ ಹಾಕಿಸಬಾರದು. ಬೆಸುಗೆಯ ಪಕ್ಕದ ಲೋಹ ತನ್ನ ಮೊದಲಿನ ಗುಣ ಕಳೆದುಕೊಂಡಿರುತ್ತದೆ. ಗಾಲಿ ತಿರುಗುವಾಗ ಬರುವ ಪುನಃಪುನಃ ಒತ್ತಡಕ್ಕೆ ಬಿರುಕು ಅಲ್ಲಿಂದಲೇ ಮುಂದುವರಿಯುತ್ತದೆ. ಬೋಲ್ಟಿನ ರಂಧ್ರ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ವಾಶರು ಹಾಕಿ ಬಿಗಿದು ಕೆಲಸ ಸಾಗಿಸುವುದೂ ಸಲ್ಲದು. ಅಂತಹ ರಿಮ್ಮು ಗುಜರಿಗೆ ಹೋಗಬೇಕು.

ಬದಲಿ ರಿಮ್ಮು ತರುವಾಗ ಬೋಲ್ಟುಗಳು ಕುಳಿತಿರುವ ವೃತ್ತದ ವ್ಯಾಸವನ್ನು ಅಳೆಯಬೇಕು. ಆರು ಬೋಲ್ಟಿದ್ದರೆ ಎದುರುಬದುರಿನ ಎರಡರ ನಡುವಣ ಅಂತರ ಸಾಕು. ಐದಿದ್ದರೆ ಎದುರಿಗೆ ಬೋಲ್ಟಿರುವುದಿಲ್ಲ. ಅಕ್ಕಪಕ್ಕದ ಎರಡರ ಮಧ್ಯಬಿಂದುಗಳ ಅಂತರವನ್ನು 1.701ರಿಂದ ಗುಣಿಸಬೇಕು. ಹಳೆಯ ಜೀಪಿನ ಗಾಲಿಯಲ್ಲಿ ಈ ಅಂತರ ಸುಮಾರು 82 ಮಿ.ಮೀ. ಬರುತ್ತದೆ, ಗುಣಿಸಿದರೆ 139.7 ಮಿ.ಮೀ., ಅಂದರೆ ಐದೂವರೆ ಅಂಗುಲ. ಎರಡನೆಯ ಮಹಾಯುದ್ಧದ ಕಾಲದ ಜೀಪುಗಳ ಎಡಬದಿಯ ಬೋಲ್ಟುಗಳಿಗೆ ಎಡಸುತ್ತಿನ ಮರೆ ಇತ್ತು. ಆ ಕಾಲದ ಹಬ್ಬುಗಳುಳ್ಳ ಟ್ರೇಲರುಗಳನ್ನು ಬಿಚ್ಚುವಾಗ ಇದು ಗೊತ್ತಿಲ್ಲದೆ ಪಾನಾಕ್ಕೆ ಪೈಪು ಸೇರಿಸಿ ತಿರುವಿದರೆ ಬೋಲ್ಟೇ ಮುರಿಯುತ್ತದೆ. ನಟ್ಟಿನ ಮುಖ ಶಂಕುವಿನಂತಿದೆಯೇ, ಚಪ್ಪಟೆಯೇ ಎಂಬುದನ್ನು ರಿಮ್ಮಿನ ರಂಧ್ರದ ಅಂಚಿಗೆ ಹೋಲಿಸಿ ನೋಡಬೇಕು. ಹೊಸದಾಗಿ ಕೂರಿಸಿದ ಗಾಲಿ ಮೊದಲ 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ಇದಕ್ಕೆ ಹಣ ಬೇಡ. ಹತ್ತು ನಿಮಿಷ ಬೇಕು. ಆದರೂ ಮಾಡುವವರು ವಿರಳ.

ಹಬ್ಬನ್ನು ಸ್ಥಳೀಯವಾಗಿ ಎರಕ ಹೊಯ್ಯಿಸುವುದುಂಟು. ಎರಕದ ಉದ್ಯಮದವರಿಗೆ ಹೆಚ್ಚು ಹೇಳಬೇಕಾಗಿಲ್ಲ: ಸಾಮಾನ್ಯ ಬೂದು ಎರಕ ಪೆಟ್ಟಿಗೆ ಒಡೆಯುತ್ತದೆ, ಎಸ್.ಜಿ. ಎರಕ ಬಾಗಿಯಾದರೂ ತಾಳುತ್ತದೆ. ಪರರ ವಾಹನಕ್ಕೆ ಎಸ್.ಜಿ. ಎರಕದ ಬಿಡಿಭಾಗ ಮಾಡಿಕೊಡುವವರು ತಮ್ಮ ಸ್ವಂತ ಟ್ರೇಲರಿಗೆ ಅಂಗಳದಲ್ಲಿ ಬಿದ್ದಿದ್ದ ಯಾವುದೋ ಹಬ್ಬನ್ನು ಹಾಕಿಕೊಂಡಿರುವುದನ್ನು ಕಂಡಾಗ ಮಾತ್ರ ಏನನ್ನಬೇಕೋ ತಿಳಿಯದು.

20 ಅಂಗುಲದ ಲಾರಿ ರಿಮ್ಮುಗಳು ಹಲವೆಡೆ ಇನ್ನೂ ಲಾಕ್ ರಿಂಗ್ ಉಳ್ಳವು. ರಿಂಗ್ ಸರಿಯಾಗಿ ಕೂರದೆ ಗಾಳಿ ತುಂಬಿದರೆ ಅದು ಗುಂಡಿನಂತೆ ಹಾರುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು 1980ರಲ್ಲಿಯೇ ಇಂತಹ ಗಾಲಿಗೆ ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬಬೇಕೆಂದು ವಿಧಿಸಿದವು. ನಮ್ಮ ಪಂಕ್ಚರ್ ಅಂಗಡಿಯ ಹುಡುಗ ಅದರ ಮೇಲೆ ಕಾಲಿಟ್ಟು ನಿಂತಿರುತ್ತಾನೆ. ಪಂಜರವೊಂದನ್ನು ಮಾಡುವುದು ಈ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ಅರ್ಧ ದಿನದ ಕೆಲಸ. ತಮ್ಮ ಗಾಲಿಗಳಿಗೆ ಗಾಳಿ ತುಂಬುವ ಅಂಗಡಿಗೆ ಒಂದನ್ನು ಮಾಡಿಕೊಟ್ಟರೆ ಆ ಹುಡುಗ ಉಳಿಯುತ್ತಾನೆ.

ಹಳೆಯ ಟೈರು, ರಿಟ್ರೆಡ್

ಟೈರಿನ ಮಗ್ಗುಲಿನಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹಲವು ತಯಾರಕರು ಹೆಚ್ಚೆಂದರೆ 10 ವರ್ಷಕ್ಕೆ ಟೈರು ಬದಲಿಸಲು ಹೇಳುತ್ತಾರೆ, ಗೆರೆ ಉಳಿದಿದ್ದರೂ ಸರಿಯೇ. ಟ್ರೇಲರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಕಬ್ಬಿನ ಟ್ರೇಲರುಗಳು ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಬಯಲಿನಲ್ಲಿ ನಿಲ್ಲುತ್ತವೆ. ಓಡಿ ಸವೆಯುವುದಕ್ಕಿಂತ ನಿಂತು ಸವೆಯುವುದೇ ಹೆಚ್ಚು. ಅಚ್ಚಿನ ಕೆಳಗೆ ಕಟ್ಟಿಗೆಯ ದಿಮ್ಮಿ ಇಟ್ಟು ಗಾಲಿಗಳನ್ನು ಎತ್ತಿ ನಿಲ್ಲಿಸಿ, ಟೈರಿಗೆ ಗೋಣಿ ಮುಚ್ಚಿದರೆ ಬಿಸಿಲಿನಿಂದಾಗುವ ಬಿರುಕು ಬಹುಮಟ್ಟಿಗೆ ತಪ್ಪುತ್ತದೆ.

ಸೆಕೆಂಡ್ ಹ್ಯಾಂಡ್ ಟೈರಿನಲ್ಲಿ ಒಂದು ಮೋಸವಿದೆ. ಸವೆದು ನುಣುಪಾದ ಟೈರಿನ ಗೆರೆಗಳನ್ನು ಬಿಸಿ ಉಳಿಯಿಂದ ಮತ್ತೆ ಕೊರೆದು ಮಾರುತ್ತಾರೆ. ಗೆರೆ ಆಳವಾಗಿ ಕಾಣುತ್ತದೆ, ಅದರ ಕೆಳಗಿನ ರಬ್ಬರು ಕಾಗದದಷ್ಟು. ಗೆರೆಗಳ ನಡುವೆ ಇರಬೇಕಾದ ಸವೆತದ ಸೂಚಕ ಉಬ್ಬುಗಳು ಕಾಣದಿದ್ದರೆ ಕೊರೆದದ್ದೆಂದೇ ತಿಳಿಯಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮ ಗೆರೆಯ ಆಳಕ್ಕೆ 1.6 ಮಿ.ಮೀ.ನ ಅಳತೆಯನ್ನು ಹಾಕಿಕೊಟ್ಟಿದೆ. ಒಳಗಿನ ಬಟ್ಟೆ ಕಂಡ, ಉಬ್ಬಿದ ಟೈರನ್ನು ಅದು ಒಪ್ಪುವುದಿಲ್ಲ. ರಿಟ್ರೆಡ್ ಬಗ್ಗೆ ನನಗೆ ವಿರೋಧವಿಲ್ಲ. ಒಡಲು ಗಟ್ಟಿಯಿದ್ದು ಒಳ್ಳೆಯ ಕಡೆ ಮಾಡಿಸಿದ್ದಾದರೆ ಜೋಡಿ ಗಾಲಿಗಳಿರುವ ಅಚ್ಚಿಗೆ ಹಾಕಬಹುದು; ಒಂದು ಹೋದರೆ ಇನ್ನೊಂದು ಕ್ಷಣಕಾಲವಾದರೂ ತಡೆಯುತ್ತದೆ. ಬದಿಗೊಂದೇ ಗಾಲಿಯಿರುವ ಟ್ರೇಲರಿಗೆ ನಾನಾದರೆ ಹಾಕಿಸುವುದಿಲ್ಲ. ರೇಡಿಯಲ್ ಮತ್ತು ನೈಲಾನ್ ಟೈರುಗಳನ್ನು ಒಂದೇ ಅಚ್ಚಿಗೆ ಬೆರೆಸಬಾರದು.

ಗಾಳಿಯನ್ನು ಟೈರು ತಣ್ಣಗಿರುವಾಗಲೇ ನೋಡಬೇಕು. ಸ್ಟೆಪ್ನಿಯದನ್ನೂ ನೋಡಬೇಕು.

ಖಾತೆಯಲ್ಲಿ ಇದರ ರೂಪ

22 ಸೆಪ್ಟೆಂಬರ್ 2025ರಿಂದ ಟ್ರ್ಯಾಕ್ಟರ್ ಟೈರಿನ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ, ಇತರ ಸಾಮಾನ್ಯ ವಾಹನಗಳ ಹೊಸ ಟೈರಿನದು ಶೇ. 28ರಿಂದ 18ಕ್ಕೆ ಇಳಿದಿದೆ. ಎರಡೂ ಅಗ್ಗವಾದವು, ಆದರೆ ಅವುಗಳ ನಡುವಿನ ಅಂತರ ಈಗ ಶೇ. 13. ಟ್ರ್ಯಾಕ್ಟರ್ ಟೈರನ್ನು ಓಡುವ ಟ್ರೇಲರಿಗೆ ಹಾಕುವ ಆಸೆಗೆ ಇದು ಇನ್ನಷ್ಟು ತುಪ್ಪ ಸುರಿಯುವಂತಿದೆ. ತೆರಿಗೆಯ ಮಟ್ಟಿಗೆ ಆ ಆಸೆ ನೋಂದಾಯಿತ ವ್ಯಾಪಾರಿಗೆ ಹುರುಳಿಲ್ಲದ್ದು. ಸರಕು ಸಾಗಣೆಯ ವಾಹನದ ಟೈರಿಗೆ ಕೊಟ್ಟ ತೆರಿಗೆಯ ಜಮೆ, ತೆರಿಗೆಗೊಳಪಡುವ ವ್ಯವಹಾರಕ್ಕೆ ಬಳಸಿದಾಗ, ಅವನಿಗೆ ದೊರೆಯುತ್ತದೆ. ಶೇ. 18 ಕೊಟ್ಟರೆ ಆ 18ನ್ನು ಹೊಂದಿಸಿಕೊಳ್ಳುತ್ತಾನೆ. ಜಮೆ ಸಿಗದ ಕಂಪೋಜಿಷನ್ ವ್ಯಾಪಾರಿಗೆ ಅಂತರ ನಿಜವಾಗಿಯೂ ತಟ್ಟುತ್ತದೆ. ಆತನೂ ಅದನ್ನು ಕಿಲೋಮೀಟರಿನ ಲೆಕ್ಕದಲ್ಲಿ ನೋಡಬೇಕು. ಬೆಲೆಗಳನ್ನು ಉದಾಹರಣೆಗಾಗಿ ಹೇಳುವುದಾದರೆ, 6,000 ರೂಪಾಯಿಯ ಹಳೆಯ ಟೈರು 8,000 ಕಿ.ಮೀ. ಬಂದರೆ ಕಿಲೋಮೀಟರಿಗೆ 75 ಪೈಸೆ. 14,000ದ ಹೊಸದು 35,000 ಕಿ.ಮೀ. ಬಂದರೆ 40 ಪೈಸೆ.

ಓಡುತ್ತಿರುವ ಟ್ರೇಲರಿನ ಟೈರು ಬದಲಿಸಿದ್ದು ಆ ವರ್ಷದ ದುರಸ್ತಿ ವೆಚ್ಚ. ಹಳೆಯ ಟ್ರೇಲರನ್ನು ಕೊಂಡು, ಬಳಕೆಗೆ ತರುವ ಮುನ್ನವೇ ಹಾಕಿಸಿದ ಗಾಲಿ-ಟೈರುಗಳ ಖರ್ಚು ಆಸ್ತಿಯ ಬೆಲೆಗೆ ಸೇರುತ್ತದೆ, ಸವಕಳಿಯ ಮೂಲಕ ಕಳೆಯುತ್ತದೆ. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ಒಪ್ಪುವುದಿಲ್ಲವೆಂಬುದನ್ನು ಜೋಡಿ ಟೈರು ಕೊಳ್ಳುವವರು ಮರೆಯಬಾರದು.

ವಿಮೆಯ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಪ್ರಚಲಿತ ಮೋಟಾರು ಪಾಲಿಸಿಯ ಷರತ್ತಿನಂತೆ ಟೈರು ಮಾತ್ರ ಹಾಳಾದರೆ ಪರಿಹಾರವಿಲ್ಲ. ವಾಹನಕ್ಕೂ ಅದೇ ಘಟನೆಯಲ್ಲಿ ಹಾನಿಯಾಗಿದ್ದರೆ ಟೈರಿನ ಬದಲಿ ಬೆಲೆಯ ಶೇ. 50ರವರೆಗೆ ದೊರೆಯಬಹುದು. ಸರಕು ವಾಹನಗಳಲ್ಲಿ ಟೈರು, ದೀಪ ಮುಂತಾದವುಗಳಿಗೆ 23ನೆಯ ಎಂಡಾರ್ಸ್‌ಮೆಂಟಿನ ಪ್ರೀಮಿಯಂ ಪ್ರತ್ಯೇಕವಾಗಿ ಕಟ್ಟಿದ್ದೀರಾ ಎಂಬುದನ್ನು ನೋಡಿಕೊಳ್ಳಬೇಕು. ಟ್ರೇಲರಿನ ಹೆಸರು ಪಾಲಿಸಿಯಲ್ಲಿದೆಯೇ ಎಂಬುದನ್ನು ಅದಕ್ಕೂ ಮೊದಲು ನೋಡಬೇಕು.

ನಮ್ಮ ಉದ್ಯಮಿ ಈಗ ಟೈರಿನ ಬಿಲ್ಲಿನ ಮೇಲೆ ಗಾತ್ರದ ಜೊತೆ ಭಾರಾಂಕ, ವೇಗದ ಅಕ್ಷರ, ತಯಾರಿಕೆಯ ನಾಲ್ಕು ಅಂಕಿ ಬರೆಸಿಕೊಳ್ಳುತ್ತಾರೆ. ಕಾಟಾದ ಚೀಟಿಯನ್ನು ಅದಕ್ಕೆ ಪಿನ್ನು ಹಾಕಿ ಕಳಿಸುತ್ತಾರೆ. ಕಳೆದ ಸಲದ ವೋಚರಿನಲ್ಲಿ ಎರಡು ಟೈರುಗಳ ಬಿಲ್ಲಿತ್ತು, ಸ್ಟೆಪ್ನಿಯದಿರಲಿಲ್ಲ. ಅಂಚಿಗೆ ಪೆನ್ಸಿಲಿನಿಂದ ಗುರುತು ಹಾಕಿ ಕಳಿಸಿದೆ.